ಬಣ್ಣ ಕಿತ್ತ ಗಿಟಾರುಗಳು

ನನ್ನ ಗಿಟಾರುಗಳನ್ನು ಕಂಡವರಿಗೆಲ್ಲ ನನ್ನ ಮೇಲೆ ಕನಿಕರ ಹುಟ್ಟುತ್ತದೆ. ಆ ಕನಿಕರ ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಉಪಕಾರ ಮಾಡಿಯೇ ತೀರುತ್ತದೆ.

ಮಾಲೂರಿನಲ್ಲಿದ್ದುಕೊಂಡು ಆರ್ಕೆಸ್ಟ್ರಾಗಳಲ್ಲಿ ನುಡಿಸುವ ನನ್ನ ಹತ್ತಿರ ಮೂರು ಎಲೆಕ್ಟ್ರಿಕ್ ಗಿಟಾರುಗಳಿದ್ದವು. ಒಂದು ಜೇನುಬಣ್ಣದ್ದು, ಒಂದು ಬಿಳಿ, ಒಂದು ಹಸಿರು. ಮೂರೂ ಹಳೇ ಕಾಲದ ಮಾದರಿ. ಕಾರ್ಖಾನೆಯವರೇ ಹೊಸ ಗಿಟಾರಿನ ಬಣ್ಣ ಕೆರೆದು, ಅಂಚಿನಲ್ಲಿ ಚಕ್ಕೆ ಎಬ್ಬಿಸಿ, ತಾತನ ಕಾಲದಿಂದ ನುಡಿಸಿದಂತೆ ಮಾಡಿ ಮಾರುತ್ತಾರೆ. ಥಳಥಳ ಹೊಳೆಯುವುದಕ್ಕಿಂತ ಇದಕ್ಕೇ ಬೆಲೆ ಜಾಸ್ತಿ. ಇದನ್ನು ನಮ್ಮವರಿಗೆ ಅರ್ಥ ಮಾಡಿಸಲು ಹೋಗಿ ನಾನು ಸೋತೆ.

ಎದುರುಮನೆ ಆಂಟಿ

ಬಿಳಿ ಗಿಟಾರು ತಂದ ದಿನ ಎದುರುಮನೆ ಆಂಟಿ ನೋಡಲು ಬಂದರು.

"ಸೆಕೆಂಡ್ ಹ್ಯಾಂಡಾಪ್ಪಾ?"

"ಇಲ್ಲ ಆಂಟಿ, ಹೊಸದು. ಅವರೇ ಹೀಗೆ ಕೆರೆದು ಕೊಡ್ತಾರೆ."

ಆಂಟಿ ಸೀದಾ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಗುಸುಗುಸು ಅಂದರು. ಸಂಜೆ ನಮ್ಮ ಮನೆಗೆ ಬಸ್ಸಾರು ಬಂತು. ಹಿಂದೆಯೇ ಆಂಟಿಯೂ ಬಂದರು.

"ಬಿಲ್ ಇದ್ರೆ ಕೊಡಪ್ಪ. ನಮ್ಮೆಜಮಾನ್ರು ಹೋಗಿ ಜಗಳ ಆಡಿ ಬದಲಾಯಿಸ್ಕೊಂಡ್ ಬರ್ತಾರೆ."

ಮುಳಬಾಗಿಲಿನ ರಿಸೆಪ್ಷನ್ನು

ಮುಳಬಾಗಿಲಿನಲ್ಲಿ ಒಂದು ಮದುವೆ ರಿಸೆಪ್ಷನ್ನು. ಹಾಡು ಶುರುವಾಗುವ ಮೊದಲು ಹುಡುಗಿಯ ಸೋದರಮಾವ ಸ್ಟೇಜ್ ಹತ್ತಿ ಬಂದು ನನ್ನ ಜೇನುಬಣ್ಣದ ಗಿಟಾರನ್ನು ದಿಟ್ಟಿಸಿದರು.

"ಏಮಿ ಬಾಬೂ, ಬೀಗರ ಮುಂದೆ ಇದಾ ಬಾರ್ಸೋದು? ವಿಡಿಯೋ ಬೇರೆ ತೆಗೀತಾವ್ರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಜರಿ ಶಲ್ಯವನ್ನು ಗಿಟಾರಿಗೆ ಹೊದಿಸಿ ಗಂಟು ಹಾಕಿಬಿಟ್ಟರು. ತಂತಿಗಳೆಲ್ಲ ಅದರಡಿ ಸಿಕ್ಕಿ, ರಾತ್ರಿಯಿಡೀ ಹಾಸಿಗೆ ಬಡಿದ ಸದ್ದು. ನಾನು ಇಷ್ಟಪಟ್ಟು ಕಲಿತ ಗಿಟಾರಿನ ತುಣುಕೊಂದನ್ನು ಆವತ್ತೇ ನುಡಿಸುವುದಿತ್ತು. ಅದು ಯಾರಿಗೂ ಕೇಳಿಸಲಿಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವಿಡಿಯೋದಲ್ಲಿ ಶಲ್ಯ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಭಾವನ ಆಯುಧಪೂಜೆ

ನಮ್ಮ ಅಕ್ಕನ ಗಂಡ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರು. ಈ ಸಲ ಆಯುಧಪೂಜೆಗೆ ಮನೆಗೆ ಬಂದಿದ್ದರು. ಮೂರೂ ಗಿಟಾರಿಗೆ ಕುಂಕುಮ ಇಡುತ್ತಿದ್ದ ನನ್ನ ಕೈ ಹಿಡಿದುಕೊಂಡರು.

"ಏನ್ಲಾ, ಭಿನ್ನ ಆಗಿರೋದಕ್ಕೆ ಪೂಜೆ ಮಾಡ್ತೀಯಾ? ನಮ್ಮಲ್ಲಿ ಉಗುರಷ್ಟು ಚಕ್ಕೆ ಎದ್ರೂ ಆ ವಿಗ್ರಹ ಯಾರೂ ಮುಟ್ಟಲ್ಲ ಕಣೋ."

"ಇದು ವಿಗ್ರಹ ಅಲ್ಲ ಭಾವ."

"ಅನ್ನ ಕೊಡೋದು ತಾನೆ?" ಅಂದರು.

ಮರುದಿನ ಶ್ರೀನಿವಾಸಪುರದಲ್ಲಿ ಪ್ರೋಗ್ರಾಂ ಇತ್ತು, ಅಲ್ಲೇ ಎರಡು ದಿನ ಉಳಿಯುವಂತಾಯಿತು. ಹಸಿರು ಗಿಟಾರು ಮಾತ್ರ ಒಯ್ದಿದ್ದೆ. ವಾಪಸು ಬಂದರೆ ಮಂಚದ ಮೇಲೆ ಹೊಸ ಟವಲು ಸುತ್ತಿದ ಏನೋ ಒಂದು. ಭಾವ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ಟವಲು ಸರಿಸಿದರು.

ನನ್ನ ಜೇನುಬಣ್ಣದ ಗಿಟಾರು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒಂದು ಚಕ್ಕೆಯೂ ಉಳಿದಿರಲಿಲ್ಲ. ಅದರ ಮೇಲಂಚಿನಲ್ಲಿ ಕಾರ್ಖಾನೆಯವರು ಕೆರೆಯದ ಒಂದು ಜಾಗವಿತ್ತು, ವರ್ಷಗಟ್ಟಲೆ ನನ್ನ ತೋಳೇ ಉಜ್ಜಿ ಸವೆಸಿದ್ದು. ಮೂರು ಗಿಟಾರುಗಳಲ್ಲಿ ನಿಜವಾಗಿ ಹಳೆಯದಾಗಿದ್ದದ್ದು ಅದೊಂದೇ. ಬೆರಳಾಡಿಸಿ ಹುಡುಕಿದೆ. ನುಣ್ಣಗಿತ್ತು. ಭಾವ ಅಷ್ಟು ಶ್ರದ್ಧೆಯಿಂದ ಮಾಡಿದ್ದರು, ಬೈಯಲೂ ಆಗದೆ ಕಣ್ಣಲ್ಲಿ ನೀರು ಬಂತು.

"ನೋಡಿ ಅತ್ತೆ, ಖುಷಿಗೆ ಅಳ್ತಾವ್ನೆ," ಅಂದರು ಭಾವ. ಅಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂಲೆ ನೋಡಿದೆ. ಖಾಲಿ. "ಭಾವ, ಬಿಳೀದು?"

"ಊರಲ್ಲಿ ಒಣಗ್ತಾ ಐತೆ. ಕೈಲಿರೋದನ್ನೂ ಕೊಡು, ಒಟ್ಟಿಗೆ ಮುಗಿಸ್ಬಿಡ್ತೀನಿ."

ನಾನು ಹಸಿರು ಗಿಟಾರನ್ನು ಎದೆಗವಚಿಕೊಂಡು ಬಾಗಿಲ ಕಡೆ ಸರಿದೆ. ಅಮ್ಮ ಅದರ ಇನ್ನೊಂದು ತುದಿ ಹಿಡಿದು ಎಳೆಯುತ್ತಾ ಅಂದಳು:

"ಕೊಡೋ! ಅದಕ್ಕ್ಯಾಕಷ್ಟು ಸಂಕೋಚ? ನಿಮ್ಮ ಭಾವ ಏನು ಹೊರಗಿನೋರಾ?"