ಸಾರಿನ ಐಸ್‌ಕ್ರೀಮು, ಕೆಲವೇ ದಿನ ಮಾತ್ರ

ನಮ್ಮತ್ತೆಯ ಹೊಟ್ಟೆಗೆ ಏನೇನು ಹೋಗಿದೆ ಎಂಬುದು ಬೆಟ್ಟದ ಮೇಲಿರುವ ಆ ತಾಯಿ ಚಾಮುಂಡಿಗೂ ಗೊತ್ತಿರಲಿಕ್ಕಿಲ್ಲ. ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಈಗ ಅಂಗಡಿಗಳಲ್ಲೇ ಇಲ್ಲ! ಕಲ್ಲಂಗಡಿ ರುಚಿಯ ಬಿಸ್ಕತ್ತು, ಉಪ್ಪಿನಕಾಯಿ ರುಚಿಯ ಚಾಕೊಲೇಟು, ಪಾನಿಪೂರಿ ರುಚಿಯ ಸೋಡಾ, ಬಾಯಿಗೆ ಹಾಕಿಕೊಂಡರೆ ಚಟಪಟ ಸಿಡಿಯುವ ಗುಲಾಬಿ ಬಣ್ಣದ ಅದೇನೋ ಪುಡಿ. ಪೊಟ್ಟಣದ ಮೇಲೆ ‘ಕೆಲವೇ ದಿನ ಮಾತ್ರ’ ಎಂದು ಅಚ್ಚಾಗಿದ್ದರೆ ಮುಗಿಯಿತು, ಕುವೆಂಪುನಗರದಲ್ಲಿ ಅದನ್ನು ಮೊದಲು ತಿನ್ನುವವರು ನಮ್ಮತ್ತೆಯೇ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಗಂಡನ ತಾಯಿಯಲ್ಲ. ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ಹುಟ್ಟಾ ತಿಂಡಿಪೋತರೇನೋ ಎಂದುಕೊಳ್ಳಬೇಡಿ. ಇದೇ ಅತ್ತೆ ಮೊನ್ನೆ ಮೊನ್ನೆಯವರೆಗೂ ಹೋಟೆಲಿನ ಕಾಫಿಯನ್ನೂ ಮುಟ್ಟಿದವರಲ್ಲ. ಪ್ರಯಾಣ ಹೊರಟರೆ ಚಪಾತಿ, ಚಟ್ನಿಪುಡಿ, ನೀರು ಎಲ್ಲಾ ಮನೆಯದೇ. ರೈಲಿನಲ್ಲಿ ಯಾರಾದರೂ ಪ್ರೀತಿಯಿಂದ ಬಿಸ್ಕತ್ತು ಕೊಟ್ಟರೆ ಎರಡೂ ಕೈ ಜೋಡಿಸಿ, ಅದನ್ನು ಕಣ್ಣಿಗೊತ್ತಿಕೊಂಡು, ಇಳಿದ ಮೇಲೆ ನಾಯಿಗೆ ಹಾಕುತ್ತಿದ್ದರು. ಇಂಥವರು ಈಗ ಸ್ಕೂಟರಿನ ಡಿಕ್ಕಿಯಲ್ಲಿ ಮೂರು ಬಣ್ಣದ ಚಿಪ್ಸ್ ಇಟ್ಟುಕೊಂಡು ಓಡಾಡುತ್ತಾರೆ ಎಂದರೆ ಅದಕ್ಕೆ ಕಾರಣ ನಮ್ಮ ಮಾವ.

ಮಾವನ ನಾಲಿಗೆ ಅಂದರೆ ಸಾಮಾನ್ಯದ್ದಲ್ಲ. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಒಂದು ಚಿಟಿಕೆ ಹೆಚ್ಚು ಹುರಿದಿದ್ದರೂ ಮೊದಲ ತುತ್ತಿಗೇ ಹೇಳಿಬಿಡುತ್ತಿದ್ದರು. ಮದುವೆ ಮನೆಗಳಲ್ಲಿ ಇವರು ಪಂಕ್ತಿಗೆ ಕೂತರೆಂದು ಗೊತ್ತಾದರೆ ಅಡುಗೆಯವರು ಒಳಗಿನಿಂದ ಈಚೆಗೆ ಬರುತ್ತಿರಲಿಲ್ಲ. ಅತ್ತೆ ಮದುವೆಯಾಗಿ ಬಂದ ದಿನದಿಂದ ಒಂದು ಹೊತ್ತೂ ತಪ್ಪದೆ ‘ಉಪ್ಪು ಕಮ್ಮಿ’, ‘ಹುಳಿ ಮುಂದು’, ‘ಒಗ್ಗರಣೆ ಸೀದಿದೆ’ ಎಂದು ಕೇಳಿಸಿಕೊಂಡೇ ಬಡಿಸಿದವರು. ಅದಕ್ಕೆ ಅತ್ತೆಯೂ ಸುಮ್ಮನಿರುತ್ತಿರಲಿಲ್ಲ, ಬಿಡಿ. ಅವರಿಬ್ಬರ ಸಂಸಾರ ಆ ಸಾರಿನ ಸುತ್ತಲೇ ಬೆಳೆದದ್ದು.

ಹೋದ ವರ್ಷ ಮಾವನಿಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ರುಚಿಯನ್ನೂ ವಾಸನೆಯನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಡಾಕ್ಟರು ‘ಬರಬಹುದು, ಕಾದು ನೋಡೋಣ’ ಎಂದರು. ಅಂದಿನಿಂದ ಮಾವ ತಟ್ಟೆಯ ಮುಂದೆ ಕೂತು, ಬಡಿಸಿದ್ದನ್ನು ತಿಂದು, ‘ಚೆನ್ನಾಗಿದೆ’ ಎಂದು ಏಳುತ್ತಾರೆ. ಪಾಯಸಕ್ಕೂ ಚೆನ್ನಾಗಿದೆ, ಹಾಗಲಕಾಯಿಗೂ ಚೆನ್ನಾಗಿದೆ. ಬೇರೆ ಹೆಂಗಸರಾಗಿದ್ದರೆ ಸದ್ಯ, ಕಾಟ ತಪ್ಪಿತು ಎಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರೋ ಏನೋ. ನಮ್ಮತ್ತೆ ಮಾತ್ರ ಆ ‘ಚೆನ್ನಾಗಿದೆ’ ಕೇಳಿದಾಗಲೆಲ್ಲ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆಯುತ್ತಿದ್ದರು.

ಕೊನೆಗೆ ಒಂದು ದಿನ ಅವರಿಗೆ ಜ್ಞಾನೋದಯವಾಯಿತು. ನನ್ನನ್ನು ಕರೆಸಿಕೊಂಡು, “ನೋಡೇ, ಅವರ ನಾಲಿಗೆ ಹಳೇ ರುಚಿನೆಲ್ಲಾ ಮರ್ತ್‌ಬುಟ್ಟಿದೆ. ಹೊಸ ರುಚಿ ಆದ್ರೆ ಮರೆಯೋಕೆ ಏನಿದೆ? ಅದು ಮೊದಲೇ ಗೊತ್ತಿಲ್ವಲ್ಲ!” ಎಂದರು.

ಈ ತರ್ಕದಲ್ಲಿ ತಪ್ಪು ಹುಡುಕಿ ನೋಡೋಣ! ನನಗಂತೂ ಆಗಲಿಲ್ಲ. ನಾನು ಎರಡು ಬೀದಿ ಆಚೆ ಇರುವವಳು, ಸಂಜೆ ಶಾಲೆ ಬಿಟ್ಟ ಮೇಲೆ ಕೆಲಸವಿಲ್ಲದ ಮೇಷ್ಟ್ರಮ್ಮ ಎಂದು ಅವರ ಅಭಿಪ್ರಾಯ. ಹೀಗಾಗಿ ಸ್ಕೂಟರಿನ ಹಿಂದಿನ ಸೀಟು ನನ್ನದಾಯಿತು.

ಮೊದಲ ಪ್ರಯೋಗ ಬೆಂಕಿ ಖಾರದ ಚಿಪ್ಸ್. ಪೊಟ್ಟಣದ ಮೇಲೆ ತಲೆಬುರುಡೆಯ ಚಿತ್ರ, ಮಕ್ಕಳು ತಿನ್ನಬಾರದು ಎಂಬ ಎಚ್ಚರಿಕೆ. ಅತ್ತೆ ಮೊದಲು ನೋಡಿದ್ದು ಹಸಿರು ಚುಕ್ಕೆಯನ್ನು. ಹಸಿರು ಚುಕ್ಕೆ ಇದ್ದರೆ ಅವರ ಪ್ರಕಾರ ವಿಷವೂ ಸಸ್ಯಾಹಾರವೇ. ಮಾವನಿಗೆ ಕೊಡುವ ಮುನ್ನ ತಾವು ರುಚಿ ನೋಡಬೇಕಲ್ಲ, ಅರ್ಧ ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ಒಂದಷ್ಟು ಹೊತ್ತು ಅವರು ಮೊಸರಿನ ಪಾತ್ರೆಯೊಂದಿಗೇ ಇದ್ದರು, ನಮ್ಮ ಕಡೆ ತಿರುಗಲೇ ಇಲ್ಲ. ಇತ್ತ ಮಾವ ಪೇಪರು ಓದುತ್ತಾ ಪೊಟ್ಟಣವನ್ನು ಪೂರಾ ಮುಗಿಸಿ, ಬೆರಳು ಒರೆಸಿಕೊಂಡು, ಚೆನ್ನಾಗಿದೆ ಎಂದರು. ಕಣ್ಣಿನಿಂದ ಮೂಗಿನಿಂದ ಧಾರಾಕಾರ ನೀರು ಸುರಿಯುತ್ತಿತ್ತು. ಪಾಪ, ಅದು ಯಾಕೆಂದು ಅವರಿಗೇ ಗೊತ್ತಿರಲಿಲ್ಲ.

ಇನ್ನು ಎಂಜಲಿನ ವಿಷಯ. ಹೆಂಡತಿ ಕಚ್ಚಿದ್ದನ್ನು ಗಂಡನಿಗೆ ಕೊಡಬಾರದು ಎಂಬುದು ನಮ್ಮಜ್ಜಿ ಅತ್ತೆಗೆ ಹೇಳಿಕೊಟ್ಟ ಪಾಠ. ಗಂಡ ಕಚ್ಚಿದ್ದನ್ನು ಹೆಂಡತಿ ತಿನ್ನಬಹುದಂತೆ! ಇದನ್ನು ಯಾವ ಗಂಡ ಬರೆದನೋ. ಒಂದೇ ಒಂದು ಸಿಕ್ಕಿದ ತಿಂಡಿಯನ್ನು ಇಬ್ಬರೂ ತಿನ್ನಬೇಕೆಂದರೆ ಅತ್ತೆ ಗುಬ್ಬಿ ಎಂಜಲು ಮಾಡುತ್ತಾರೆ. ಚಿಕ್ಕಂದಿನಲ್ಲಿ ನೀವೂ ಮಾಡಿದ್ದೀರಿ, ಪೆಪ್ಪರಮಿಂಟನ್ನು ಅಂಗಿಯ ಅಂಚಿನಲ್ಲಿ ಸುತ್ತಿ ಕಟಕ್ಕೆಂದು ಕಚ್ಚಿ, ಬಟ್ಟೆ ಅಡ್ಡ ಇದೆ, ಎಂಜಲಾಗಲಿಲ್ಲ ಎಂದು ಗೆಳತಿಗೆ ಅರ್ಧ ಕೊಡುವುದು. ಪೆಪ್ಪರಮಿಂಟಿಗೆ ಸರಿ. ಅತ್ತೆ ಇದನ್ನು ಕೋಲಿಗೆ ಚುಚ್ಚಿದ ನೀಲಿ ಐಸ್‌ಕ್ರೀಮಿಗೆ ಮಾಡಿದರು! ಸೆರಗಿನಲ್ಲಿ ಸುತ್ತಿ ಕಚ್ಚಿದ ಮೇಲೆ ಬಿಚ್ಚಿ ನೋಡಿದರೆ ಐಸ್‌ಕ್ರೀಮು ಇರಲಿಲ್ಲ, ಕೋಲು ಇತ್ತು. ಸೆರಗು ನೀಲಿ, ತುಟಿ ನೀಲಿ, ಹಲ್ಲು ನೀಲಿ. ಹಾಗೇ ಲಲಿತಾ ಸಹಸ್ರನಾಮದ ಮಂಡಳಿಗೆ ಹೋಗಿ ಕೂತರು. ಪಕ್ಕದ ಬೀದಿಯ ಹೆಂಗಸರೊಬ್ಬರು ಗಾಬರಿಯಾಗಿ ಬಿ.ಪಿ. ಮಾತ್ರೆ ಕೊಡಲು ಬಂದರಂತೆ.

ಕುಡಿಯುವ ಪದಾರ್ಥಕ್ಕೆ ಗುಬ್ಬಿ ಎಂಜಲು ನಡೆಯುವುದಿಲ್ಲ. ಅದನ್ನು ಎತ್ತಿಕೊಂಡು ಕುಡಿಯಬೇಕು, ಲೋಟ ತುಟಿಗೆ ತಾಗಬಾರದು. ನೀರು, ಮಜ್ಜಿಗೆ, ಕಾಫಿ ಏನಾದರೂ ಸರಿ, ಒಂದು ಹನಿ ಆಚೀಚೆ ಬೀಳದಂತೆ ಕುಡಿಯುವುದರಲ್ಲಿ ಅತ್ತೆಯದು ಎತ್ತಿದ ಕೈ. ಆದರೆ ಒಂದು ದಿನ ಅಂಗಡಿಯಲ್ಲಿ ಕೊಟ್ಟದ್ದು ತಳದಲ್ಲಿ ದಪ್ಪ ದಪ್ಪ ಕಪ್ಪು ಸಬ್ಬಕ್ಕಿ ಉಂಡೆಗಳು ಕೂತಿರುವ ತಣ್ಣನೆಯ ಚಹಾ. ಹಬ್ಬದ ವಿಶೇಷ, ಕೆಲವೇ ದಿನ ಮಾತ್ರ! ಜೊತೆಗೆ ಬೆರಳುದಪ್ಪದ ಸ್ಟ್ರಾ ಕೊಟ್ಟರು. ಎಂಜಲು ಎಂದು ಅತ್ತೆ ಅದನ್ನು ಪಕ್ಕಕ್ಕಿಟ್ಟು, ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಆಕಾಶಕ್ಕೆತ್ತಿದರು. ಚಹಾ ಸರಿಯಾಗಿಯೇ ಇಳಿಯಿತು. ಉಂಡೆಗಳು ಮಾತ್ರ ಒಟ್ಟಿಗೇ ಬಂದವು. ಎರಡು ಬಾಯಿಗೆ, ಒಂದು ಮೂಗಿಗೆ, ಒಂದು ಕನ್ನಡಕದ ಹಿಂದಕ್ಕೆ. ಉಳಿದವು ನನ್ನ ಮಡಿಲಿಗೆ. ಮೂಗಿನದನ್ನು ಸೀನಿ ಆಚೆ ಹಾಕಿದ ಮೇಲೆ ಅತ್ತೆ ಹೇಳಿದ್ದು ಒಂದೇ, ಇವರಿಗೆ ಚಮಚದಲ್ಲಿ ಕೊಡೋಣ ಅಂತ.

ನವರಾತ್ರಿಯಲ್ಲಿ ಇನ್ನೂ ಚೆಂದ. ಗೊಂಬೆ ನೋಡಲು ಬಂದ ಮಕ್ಕಳಿಗೆ ಚರ್ಪು ಕೊಡುವುದು ನಮ್ಮ ಮೈಸೂರಿನ ಪದ್ಧತಿ. ಎಲ್ಲರ ಮನೆಯಲ್ಲಿ ಚರ್ಪು ಅಂದರೆ ಕಡಲೆ ಉಸಲಿ, ಕೊಬ್ಬರಿ ಮಿಠಾಯಿ. ಅತ್ತೆಯ ಮನೆಯಲ್ಲಿ ಮಾವನ ಮೇಲೆ ಫಲಿಸದೆ ಉಳಿದ ಎಲ್ಲಾ ಪೊಟ್ಟಣಗಳು! ಸುದ್ದಿ ಹರಡಿ, ಯಾವ ಊರಿನ ಮಕ್ಕಳೋ ಆಟೋದಲ್ಲಿ ಬಂದು ಗೊಂಬೆ ಕೂರಿಸಿದ್ದೀರಾ ಎಂದು ಕೇಳತೊಡಗಿದವು. ಗೊಂಬೆಗಳ ಕಡೆ ಒಂದು ಮಗುವೂ ತಿರುಗಿ ನೋಡಲಿಲ್ಲ. ರಾಜ ರಾಣಿಯ ಪಟ್ಟದ ಗೊಂಬೆಗಳೂ ಆ ವರ್ಷ ನನ್ನ ಕಣ್ಣಿಗೆ ಸ್ವಲ್ಪ ಮುನಿಸಿಕೊಂಡಂತೆಯೇ ಕಂಡವು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಒಂದು ಸಲ ಮಾತ್ರ ನನಗೆ ನಗು ಬರಲಿಲ್ಲ. ಮಾವಿನಕಾಯಿ ಮತ್ತು ಮೆಣಸಿನ ಸೋಡಾವೊಂದು ಬಂದಿದೆಯೆಂದು ಯಾರೋ ಹೇಳಿದ್ದರು. ಕುವೆಂಪುನಗರದಲ್ಲಿ ಎಲ್ಲೂ ಸಿಗಲಿಲ್ಲ. ಬನ್ನಿಮಂಟಪದವರೆಗೆ ಹೋಗಿ ವಾಪಸು ಬಂದು, ಕೊನೆಗೆ ಲಷ್ಕರ್ ಮೊಹಲ್ಲಾದ ಗಲ್ಲಿಯ ಅಂಗಡಿಯೊಂದರಲ್ಲಿ ಕೇಳಿದೆವು. ಅಂಗಡಿಯವರು, ಅದನ್ನು ಯಾರೂ ತಗೊಳ್ಳಲಿಲ್ಲ ಅಂತ ಕಂಪನಿಯವರೇ ನಿಲ್ಲಿಸಿದರು ಎಂದರು. ಅತ್ತೆ ಸ್ಕೂಟರಿನ ಹತ್ತಿರ ಬಂದವರು ಕೀಲಿ ಹಾಕದೆ ನಿಂತೇ ಇದ್ದರು.

“ನಿಂತೋಯ್ತಂತೆ ಕಣೇ,” ಎಂದರು. “ಅದೇ ಆಗಿದ್ದಿದ್ರೆ?”

ಅದೇ ಆಗಿದ್ದಿದ್ದರೆ! ಮಾವನ ನಾಲಿಗೆಯನ್ನು ಎಬ್ಬಿಸುವ ಆ ಒಂದು ರುಚಿ ಅದೇ ಆಗಿದ್ದು, ನಾವು ಹೋಗುವಷ್ಟರಲ್ಲಿ ಅದು ಲೋಕದಿಂದಲೇ ಹೋಗಿಬಿಟ್ಟಿದ್ದರೆ? ‘ಕೆಲವೇ ದಿನ ಮಾತ್ರ’ ಎಂದು ಓದಿದರೆ ನಮಗೆಲ್ಲ ಆಸೆಯಾಗುತ್ತದೆ, ಅತ್ತೆಗೆ ಭಯವಾಗುತ್ತಿತ್ತು. ನನಗದು ಅಲ್ಲಿಯವರೆಗೂ ಹೊಳೆದಿರಲಿಲ್ಲ. ಅವತ್ತು ಹಿಂದಿನ ಸೀಟಿನಲ್ಲಿ ಕೂತು ಅವರ ಭುಜ ಹಿಡಿದುಕೊಂಡೇ ಬಂದೆ.

ಹೀಗಿರುವಾಗ ಒಂದು ಫಾಸ್ಟ್‌ಫುಡ್ ಅಂಗಡಿಯ ಬಾಗಿಲಲ್ಲಿ ದೊಡ್ಡ ಬೋರ್ಡು ಬಿತ್ತು. ‘ಮೈಸೂರು ವಿಶೇಷ! ಸಾರಿನ ಐಸ್‌ಕ್ರೀಮು, ಮೇಲೆ ಮೈಸೂರು ಪಾಕಿನ ಪುಡಿ. ಕೆಲವೇ ದಿನ ಮಾತ್ರ.’ ಇಂಥದ್ದನ್ನು ಯೋಚಿಸಿದವನ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ನನಗನ್ನಿಸಿತು. ಅತ್ತೆ ಮಾತ್ರ ಬೋರ್ಡಿಗೆ ಕೈ ಮುಗಿಯುವುದೊಂದು ಬಾಕಿ. ಇದು ಮನೆಗೆ ಒಯ್ಯುವಷ್ಟರಲ್ಲಿ ಕರಗುತ್ತದೆಂದು ಮಾವನನ್ನೇ ಆಟೋದಲ್ಲಿ ಕರೆತಂದರು. ಮೂರು ಬಟ್ಟಲು ಬಂತು. ನಾನು ಒಂದು ಚಮಚ ತಿಂದೆ. ಹಾಲೂ ಹುಣಸೆಹಣ್ಣೂ ಬಾಯೊಳಗೆ ಜುಟ್ಟು ಹಿಡಿದುಕೊಂಡು ಜಗಳಕ್ಕೆ ನಿಂತವು. ಅತ್ತೆ ಕಣ್ಣು ಮುಚ್ಚಿ ನುಂಗಿ, ಔಷಧಿ ಕುಡಿದವರಂತೆ ನೀರು ಕುಡಿದು, ಮಾವನ ಮುಖ ನೋಡುತ್ತಾ ಕೂತರು.

ಮಾವ ಒಂದು ಚಮಚ ತಿಂದರು. ಇನ್ನೊಂದು ತಿಂದರು. ಚಮಚ ಕೆಳಗಿಟ್ಟು ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೂಗು ಮುರಿದು, “ಥೂ, ಏನೇ ಇದು? ಇಂಗು ಸೀದೋಗಿದೆ,” ಎಂದರು.

ಅತ್ತೆ ತಮ್ಮ ಬಟ್ಟಲನ್ನು ಪಕ್ಕಕ್ಕೆ ತಳ್ಳಿದರು. ಮತ್ತೆ ಹೇಳಿ ಎಂದರು. ಮಾವ ಮತ್ತೆ ಹೇಳಿದರು, ಈ ಸಲ ಅಡುಗೆಯವನನ್ನೂ ಸೇರಿಸಿ ಬೈದರು. ಅತ್ತೆ ಎದ್ದು ನೇರ ಕೌಂಟರಿಗೆ ಹೋದರು. ಅಲ್ಲಿದ್ದ ಹುಡುಗಿ ದೂರು ಬಂತೆಂದು ಹೆದರಿ ನಿಂತಳು.

“ನಿಮ್ಮ ಐಸ್‌ಕ್ರೀಮು ಚೆನ್ನಾಗಿಲ್ವಂತೆ ಕಣಮ್ಮ, ನಮ್ಮೆಜಮಾನ್ರು ಹೇಳಿದ್ರು!” ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿ, “ಇನ್ನೊಂದು ಕೊಡು,” ಎಂದರು.

ಇದಕ್ಕೆ ಇಂಗೇ ಹಾಕುವುದಿಲ್ಲ ಅಮ್ಮ ಎಂದು ಆ ಹುಡುಗಿ ಏನೋ ಹೇಳಲು ಹೋದಳು. ನಿನಗೇನು ಗೊತ್ತು, ಅವರ ನಾಲಿಗೆ ಎಂಥದ್ದು ಅಂತ, ಎಂದು ಅತ್ತೆ ಅವಳ ಬಾಯಿ ಮುಚ್ಚಿಸಿದರು. ನಿಜ ಹೇಳಬೇಕೆಂದರೆ ನನಗೂ ಇಂಗಿನ ಸುಳಿವು ಸಿಕ್ಕಿರಲಿಲ್ಲ. ಆದರೆ ಮಾವನ ನಾಲಿಗೆಯ ಮುಂದೆ ನನ್ನದು ಯಾವ ಮೂಲೆಗೆ ಎಂದುಕೊಂಡೆ.

ಮನೆಗೆ ಬಂದದ್ದೇ ತಡ, ಅತ್ತೆ ಸಾರಿಗೆ ಬೇಳೆ ಇಟ್ಟರು. ನೀನೂ ಊಟ ಮಾಡ್ಕೊಂಡೇ ಹೋಗ್ಬೇಕು ಎಂದು ನನ್ನನ್ನು ಕೂರಿಸಿಕೊಂಡರು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ನನ್ನ ಅಪ್ಪನಿಗೆ, ಸಹಸ್ರನಾಮದ ಮಂಡಳಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿನ ಬಗ್ಗೆ ಕೇಳಲು ಫೋನು ಮಾಡಿದವರಿಗೂ ಇಂಗು ಸೀದ ಕಥೆ ಹೇಳಿದ್ದಾಯಿತು. ಒಗ್ಗರಣೆಯ ಘಮ ಬೀದಿಗೆಲ್ಲ ಹೋಯಿತು.

ಮೂವರೂ ಊಟಕ್ಕೆ ಕೂತೆವು. ಮಾವ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ತಿಂದು, ಹಳೆಯ ಗತ್ತಿನಲ್ಲೇ ತಲೆಯಾಡಿಸಿ, “ಉಪ್ಪು ಒಂಚೂರು ಮುಂದಾಯ್ತು ಕಣೇ,” ಎಂದರು.

ನಾನೂ ಒಂದು ತುತ್ತು ಬಾಯಿಗಿಟ್ಟೆ. ಅತ್ತೆಯೂ ಇಟ್ಟರು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಫೋನಿನ ಸಂಭ್ರಮದಲ್ಲಿ ಅತ್ತೆ ಪೂರ್ತಿ ಮರೆತಿದ್ದರು.

ಮಾವನಿಗೆ ಯಾವ ರುಚಿಯೂ ವಾಪಸು ಬಂದಿರಲಿಲ್ಲ. ಇಂಗೂ ಇಲ್ಲ, ಉಪ್ಪೂ ಇಲ್ಲ. ಅಷ್ಟು ದಿನವೂ ‘ಚೆನ್ನಾಗಿದೆ’ ಎಂದಾಗ ಹೆಂಡತಿಯ ಮುಖ ಬಾಡುವುದನ್ನು ಆ ಮನುಷ್ಯ ನೋಡುತ್ತಲೇ ಇದ್ದರು. ಅತ್ತೆಯ ಕಡೆ ನೋಡಲು ಧೈರ್ಯವಾಗದೆ ತಟ್ಟೆ ನೋಡುತ್ತಾ ಕೂತೆ.

ಅತ್ತೆ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು. ಆ ನೀಲಿ ಕಲೆ ಹೋಗದ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು.

“ಹೌದು ರೀ, ಕೈ ಮುಂದಾಗ್ಬುಡ್ತು,” ಎಂದರು. “ನಾಳೆ ಸರಿಯಾಗಿ ಹಾಕ್ತೀನಿ.”

ಉಪ್ಪಿನ ಬಟ್ಟಲು ನಮ್ಮಿಬ್ಬರ ನಡುವೆಯೇ ಇತ್ತು. ಅತ್ತೆ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಮಾವ ಗೊಣಗುತ್ತಾ ಎರಡನೇ ಸಲ ಅನ್ನ ಹಾಕಿಸಿಕೊಂಡರು. ನಿನಗೂ ಇನ್ನೊಂದು ಸೌಟು ಸಾರು ಹಾಕಲೇನೇ ಎಂದು ಅತ್ತೆ ಕೇಳಿದರು. ನಾನು ತಟ್ಟೆ ಮುಂದೆ ಹಿಡಿದೆ.