ಅಪ್ಪಾಜಿಯ ಕಾರಿನ ಹಗ್ಗ

ಸಂಸಾರ ಕೊಟ್ಟ ದೇವರು ಅಕ್ಕಿ ಬೇಳೆಯ ಜೊತೆಗೆ ಒಂದಿಷ್ಟು ನಗುವನ್ನೂ ಅಳೆದು ಕೊಟ್ಟಿರುತ್ತಾನೆ. ನಮ್ಮ ಮನೆಯ ಪಾಲು ಹೆಚ್ಚಾಗಿ ಅಪ್ಪಾಜಿಯ ಕಡೆಯಿಂದಲೇ ಬರುತ್ತದೆ. ಈಚೆಗೆ ಅದು ಅವರ ಕಾರಿನ ಮೇಲೆ ಏರಿ ಬಂತು.

ಅಪ್ಪಾಜಿಗೆ ಎಪ್ಪತ್ತೈದು ದಾಟಿದೆ. ಕಳಲೆ ಹತ್ತಿರದ ನಮ್ಮೂರಲ್ಲಿ ಬೇಸಾಯ ಮಾಡುತ್ತ, ಜೊತೆಗೆ ಎತ್ತಿನ ವ್ಯಾಪಾರವನ್ನೂ ಮಾಡಿದವರು. ಸೋಮವಾರ ಬಂದರೆ ವಿಭೂತಿ ಧರಿಸಿ, ತಾವೇ ಕಾರು ಓಡಿಸಿಕೊಂಡು ನಂಜನಗೂಡಿಗೆ ಹೋಗಿ, ನಂಜುಂಡೇಶ್ವರನ ದರ್ಶನ ಮಾಡಿ ಬಂದ ಮೇಲೇ ಅವರ ಊಟ. ಕಾರು ಹೈಬ್ರಿಡ್ಡು. ಪೆಟ್ರೋಲಿನಿಂದಲೂ ಓಡುತ್ತದೆ, ಬ್ಯಾಟರಿಯಿಂದಲೂ ಓಡುತ್ತದೆ. "ಕಮ್ಮಿ ತಿಂದು ಜಾಸ್ತಿ ಗೇಯೋ ಎತ್ತು ಕಣಪ್ಪ ಇದು. ಉಸಿರಾಡೋದೂ ಕೇಳಕ್ಕಿಲ್ಲ" ಎಂದು ಅದರ ಬೆನ್ನು ತಟ್ಟುತ್ತಿದ್ದರು.

೧. ಎಳನೀರು

ಒಂದು ಸೋಮವಾರ ದರ್ಶನ ಮುಗಿಸಿ ಬರುವಾಗ, ಏರುರಸ್ತೆಯಲ್ಲಿ ಕಾರು ನಿಲ್ಲಿಸಿ ಎಳನೀರು ಕುಡಿಯಲು ಇಳಿದಿದ್ದಾರೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಅದರ ಟ್ರೈಲರಿನ ಕೊಂಡಿ ಕಳಚಿ, ಹಿಂದಕ್ಕೆ ಜಾರಿ ಬಂದು, ಇಡೀ ಹೊರೆಯ ಸಮೇತ ಕಾರಿನ ಮೇಲೆ ಮಗುಚಿಕೊಂಡಿತು.

ಸುದ್ದಿ ತಿಳಿದು ನಾನು ಬೈಕಿನಲ್ಲಿ ಧಾವಿಸಿದೆ. ಕಬ್ಬಿನ ರಾಶಿಯೊಳಗಿಂದ ಹಿಂದಿನ ನಂಬರ್ ಪ್ಲೇಟು ಮಾತ್ರ ಕಾಣುತ್ತಿತ್ತು. ಅಪ್ಪಾಜಿ ಪಕ್ಕದಲ್ಲಿ ನಿಂತು ಎಳನೀರಿನ ಗಂಜಿ ತಿನ್ನುತ್ತಿದ್ದರು.

"ಏನಾದ್ರೂ ಪೆಟ್ಟಾಯ್ತಾ ಅಪ್ಪಾಜಿ?"

"ನಂಗೇನಾಗದೆ? ಸ್ವಾಮಿ ಎಳನೀರು ಕುಡಿಯೋ ಬುದ್ಧಿ ಕೊಟ್ಟ. ಇಲ್ದಿದ್ರೆ ನೀನು ನನ್ನ ಕಬ್ಬಿನ ಹಾಲಿನಂಗೆ ಲೋಟಕ್ಕೆ ಸೋಸ್ಕೊಂಡು ಹೋಗ್ಬೇಕಾಗಿತ್ತು."

೨. ಹಾರ

ಕಾರನ್ನು ಎಳೆಸಿ ನಂಜನಗೂಡಿನ ಒಂದು ಗ್ಯಾರೇಜಿನ ಅಂಗಳದಲ್ಲಿ ಹಾಕಿದೆವು. ಇನ್ಶೂರೆನ್ಸ್ ಕಡೆಯಿಂದ ಸರ್ವೇಯರ್ ಬಂದು ನೋಡುವ ದಿನ, ಅಪ್ಪಾಜಿ ನನಗಿಂತ ಮೊದಲೇ ಅಲ್ಲಿಗೆ ಹೋಗಿದ್ದರು. ಉಳಿದಿದ್ದಷ್ಟು ಕಾರನ್ನು ತೊಳೆದು, ಸುಕ್ಕುಗಟ್ಟಿದ ಬಾನೆಟ್ಟಿಗೆ ಮೂರೆಳೆ ವಿಭೂತಿ ಬಳಿದು, ದಪ್ಪನೆಯ ಚೆಂಡುಹೂವಿನ ಹಾರ ಹಾಕಿದ್ದರು.

"ಇದೇನು ಅಪ್ಪಾಜಿ?"

"ಅವರು ಫೋಟೋ ತೆಗೀತಾರಂತಲ್ಲ. ಬೋಳು ಮುಖದಲ್ಲಿ ನಿಲ್ಸಕ್ಕಾಯ್ತದಾ?" ಎಂದು ಹೇಳಿ ಕಾಫಿ ತರಲು ಹೋದರು.

ಸರ್ವೇಯರ್ ಬಂದರು. ಹಾರ ನೋಡಿದರು. ಸದ್ದಿಲ್ಲದೆ ಬೂಟು ಬಿಚ್ಚಿ, ಕೈಮುಗಿದು ಒಂದು ಗಳಿಗೆ ನಿಂತರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಓಡಿಸ್ತಿದ್ದೋರು ನಿಮ್ಮ ತಂದೆಯೋರಾ ಸಾ?"

"ಹೌದು ಸಾ."

"ವಯಸ್ಸಾಗಿತ್ತಾ?"

ಹಿಂದಿನಿಂದ ಅಪ್ಪಾಜಿ ಲೋಟ ನೀಡಿದರು. "ಆಗದೆ ಕಣಪ್ಪ. ತಗೋ, ಆರೋಗ್ತದೆ."

ಆ ಪುಣ್ಯಾತ್ಮರು ಕಾಫಿಯನ್ನು ಅರ್ಧ ಚೆಲ್ಲಿಕೊಂಡರು. ರಿಪೇರಿ ಮಾಡುವಂಥದ್ದು ಏನೂ ಉಳಿದಿಲ್ಲ, ಪೂರ್ತಿ ನಷ್ಟ ಎಂದು ಬರೆದುಕೊಂಡು, ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಹೋದರು.

೩. ಅಟ್ಟದ ಗೂಟ

ಕ್ಲೇಮು ಮಂಜೂರಾಯಿತು. ಆದರೆ ಕಾರಿನ ಎರಡೂ ಕೀ ಒಪ್ಪಿಸಬೇಕು ಎಂದರು. ಮನೆಯಲ್ಲಿ ಸಿಕ್ಕಿದ್ದು ಒಂದೇ. ಹಾಸಿಗೆ ಕೊಡವಿದೆವು, ದೇವರ ಗೂಡು ತಡಕಿದೆವು. ಅಪ್ಪಾಜಿಯೂ ನಮ್ಮ ಜೊತೆ ಬಹಳ ಶ್ರದ್ಧೆಯಿಂದ ಹುಡುಕಿದರು. ಕೊನೆಗೆ ಅವ್ವ ಅಟ್ಟದ ಕಡೆ ಕಣ್ಣು ತಿರುಗಿಸಿದಳು.

ಅಟ್ಟದ ಗೂಟದಲ್ಲಿ ಅಪ್ಪಾಜಿ ಮಾರಿದ ಎತ್ತುಗಳ ಹಳೇ ಹಗ್ಗಗಳೆಲ್ಲ ತೂಗುತ್ತಿವೆ. ಅವುಗಳ ನಡುವೆ ಕಾರಿನ ಕೀ.

"ಎತ್ತು ಮಾರಿದ್ರೂ ಹಗ್ಗ ಕೊಡಬಾರ್ದು ಕಣ್ಲಾ. ಹಗ್ಗದ ಜೊತೆ ಕೊಟ್ಟಿಗೆ ಲಕ್ಷ್ಮೀನೂ ಹೊಂಟೋಗ್ತಾಳೆ. ತಗೊಳ್ಳೋನೇ ಹೊಸ ಹಗ್ಗ ತರ್ಬೇಕು. ನಿನ್ನ ಇನ್ಶೂರೆನ್ಸ್‌ನೋರು ದನ ಕಟ್ಟಿಲ್ವಾ?"

ಸುಳ್ಳು ಹೇಳುವುದು ನನ್ನಿಂದಾಗದು. ಆಫೀಸಿಗೆ ಫೋನು ಮಾಡಿ ಇದ್ದದ್ದನ್ನೇ ಹೇಳಿದೆ. ಫೋನೆತ್ತಿದ ಹೆಣ್ಣುಮಗಳು, "ಸರ್, ನಮ್ಮ ತಾತನೂ ಹೀಗೇ. ಆದ್ರೆ ನಮ್ಮ ಕಂಪ್ಯೂಟರ್‌ನಲ್ಲಿ ಹಗ್ಗಕ್ಕೆ ಜಾಗ ಕೊಟ್ಟಿಲ್ಲ" ಎಂದಳು.

ಹೊಸ ಕಾರಿನ ಒಂದು ಕೀ ಸದಾ ತಮ್ಮ ಬಳಿಯೇ ಇರಬೇಕು ಎಂಬ ಮಾತಿನ ಮೇಲೆ ಅಪ್ಪಾಜಿ ಹಳೆಯದನ್ನು ಬಿಟ್ಟುಕೊಟ್ಟರು. ಕೀ ತಾನೇ ಎಂದು ನಾನೂ ಒಪ್ಪಿಕೊಂಡೆ.

೪. ಬಲಗಡೆ ಹೂ

ಅದೇ ಜಾತಿಯ ಹೊಸ ಕಾರಿಗೆ ಹೇಳಿಟ್ಟೆವು. ಆದರೆ ಇನ್ನು ಅಪ್ಪಾಜಿ ಓಡಿಸುವುದು ಸಾಕು ಎಂಬುದು ನನ್ನ ಮತ್ತು ಅವ್ವನ ಮಾತು. ತಿ. ನರಸೀಪುರದಲ್ಲಿರುವ ತಂಗಿ ಫೋನಿನಲ್ಲಿ ಅತ್ತೂ ಆಗಿತ್ತು. ಅಪ್ಪಾಜಿ ಜಗ್ಗಲಿಲ್ಲ. ಕಡೆಗೆ, ಮನೆದೇವರನ್ನು ಕೇಳಿಬಿಡೋಣ ಎಂದರು. ದೇವರ ಮೇಲಿಟ್ಟ ಹೂ ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ. ನಮ್ಮ ಮನೆಯಲ್ಲಿ ಅದರ ಮೇಲೆ ಅಪೀಲಿಲ್ಲ.

ಗುಡಿಯಲ್ಲಿ ಪೂಜಾರಿ ಗಂಟೆ ಬಾರಿಸುತ್ತಿದ್ದಂತೆ ನಾನು ಕೈಮುಗಿದು ಗಟ್ಟಿಯಾಗಿ ಕೇಳಿಕೊಂಡೆ: "ಇನ್ಮೇಲೆ ಅಪ್ಪಾಜಿ ಒಬ್ಬರೇ ಗಾಡಿ ತಗೊಂಡು ಹೋಗೋದು ಬೇಡ ಅಂದ್ರೆ ಬಲಗಡೆ ಕೊಡು ತಂದೆ."

ಗಂಟೆ ನಿಲ್ಲುವ ಮೊದಲೇ ಹೂ ಬಲಗಡೆ ಬಿತ್ತು.

ಅಪ್ಪಾಜಿ ಹೂವನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡರು. ಮುಖ ಸಣ್ಣಗಾಗಿತ್ತು. ಗೆದ್ದವನಿಗೂ ಅದು ನೋಡುವಂತಿರಲಿಲ್ಲ. ಹೊಸಿಲು ದಾಟುವಾಗ ಮೆಲ್ಲಗೆ ಪೂಜಾರಿಯನ್ನು ಕೇಳಿದರು: "ಹೂವು ಇವತ್ತು ವಸಿ ಒದ್ದೆ ಇದ್ದಂಗಿತ್ತಲ್ಲ ಅಯ್ನೋರೆ?"

"ತಂದಿದ್ದು ನೀವೇ ಅಲ್ವಾ ಯಜಮಾನ್ರೇ."

೫. ನರಸೀಪುರದಲ್ಲಿ

ಹೊಸ ಕಾರು ಬಂತು. ಇದರ ಕೀಯನ್ನು ಎಲ್ಲೂ ತೂರಿಸಬೇಕಾಗಿಲ್ಲ. ಹತ್ತಿರದಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಗಾಡಿ ಏಳುತ್ತದೆ. ಒಂದು ಕೀ ನನ್ನದು. ಇನ್ನೊಂದು ಅಪ್ಪಾಜಿಯ ಬನಿಯನ್ ಜೇಬಿನಲ್ಲಿ. ಸ್ನಾನಕ್ಕೆ ಹೋಗುವಾಗ ಮಾತ್ರ ಹೊರಗೆ ಬರುತ್ತದೆ.

ಒಂದು ಬೆಳಗ್ಗೆ ತಂಗಿಯ ಮನೆಗೆ ಹೊರಟೆ. ಅಪ್ಪಾಜಿ ಕಾರಿನ ಕಿಟಕಿಗೆ ಒರಗಿಕೊಂಡು, "ಮೆಲ್ಲಗೆ ಹೋಗು, ಏರಲ್ಲಿ ಕಬ್ಬಿನ ಗಾಡಿ ಹಿಂದೆ ನಿಲ್ಸಬೇಡ" ಎಂದರು. ಗುಂಡಿ ಒತ್ತಿದೆ, ಹೊರಟೆ. ದಾರಿಯಲ್ಲಿ ಏನೋ ಚಿಲಿಪಿಲಿ ಎಂದಿತು. ಹೊಸ ಗಾಡಿ, ಮಾತಾಡುತ್ತದೆ ಎಂದುಕೊಂಡೆ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ತಂಗಿಗೆ ಹಣ್ಣು ಕೊಳ್ಳಲು ನಿಲ್ಲಿಸಿ, ಆಫ್ ಮಾಡಿದೆ. ಮತ್ತೆ ಏಳಲಿಲ್ಲ. ಜೇಬು ತಡಕಿದೆ. ನನ್ನ ಕೀ ಮನೆಯಲ್ಲಿ, ನಿನ್ನೆಯ ಅಂಗಿಯಲ್ಲಿ. ಕಾರನ್ನು ಎಬ್ಬಿಸಿದ್ದು ಕಿಟಕಿಗೆ ಒರಗಿದ್ದ ಬನಿಯನ್ ಜೇಬು.

ಫೋನು ಮಾಡಿದೆ.

"ಹೌದಾ? ಇರು, ಬತ್ತೀನಿ." ಹೂ ಬಿದ್ದ ದಿನದಿಂದ ಅವರಲ್ಲಿ ಅಷ್ಟು ಗೆಲುವಿನ ದನಿ ಕೇಳಿರಲಿಲ್ಲ.

ಬಿಸಿಲಲ್ಲಿ ಸ್ಟೇರಿಂಗ್ ಹಿಡಿದು ಕಾದೆ. ಅಪ್ಪಾಜಿ ಎರಡು ಬಸ್ಸು ಬದಲಾಯಿಸಿಕೊಂಡು ಬಂದಿಳಿದರು. ಹೊಸ ವಿಭೂತಿ, ಮಡಿ ಪಂಚೆ. ನೆಟ್ಟಗೆ ನನ್ನ ಕಡೆಯ ಬಾಗಿಲಿಗೆ ಬಂದು ಕಿಟಕಿಯೊಳಗೆ ಕೈಹಾಕಿ, ಗುಂಡಿ ತೋರಿಸಿ, ಒತ್ತು ಎಂದರು. ಒತ್ತಿದೆ. ಗಾಡಿ ಎದ್ದಿತು.

"ಈಗ ಪಕ್ಕಕ್ಕೆ ಸರಿ."

"ಅಪ್ಪಾಜಿ, ಸ್ವಾಮಿ ಬಲಗಡೆ ಕೊಟ್ಟಿದ್ದಾನಲ್ಲ."

"ಸ್ವಾಮಿ ಮಾತು ನಾನು ಮೀರ್ತೀನಾ? ಒಬ್ಬರೇ ಹೋಗೋದು ಬೇಡ ಅಂತ ತಾನೇ ನೀನು ಕೇಳಿದ್ದು? ಈಗ ನೀನಿದ್ದೀಯಲ್ಲ."

ಎಡಗಡೆಗೆ ಸರಿದೆ. ಅಂದಿನಿಂದ ಪ್ರತಿ ಸೋಮವಾರವೂ ನನಗೆ ದರ್ಶನಭಾಗ್ಯ. ಅಪ್ಪಾಜಿ ನಿಧಾನವಾಗಿ ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತು ಪಂಚಾಕ್ಷರಿ ಜಪಿಸುತ್ತೇನೆ. ಮೊನ್ನೆ ದೇವಸ್ಥಾನದ ಮುಂದೆ ಅವರ ಹಳೇ ಸ್ನೇಹಿತರೊಬ್ಬರು, "ಪರವಾಗಿಲ್ಲ, ಈ ವಯಸ್ಸಲ್ಲಿ ಮಗ ಜೊತೇಲಿ ಕರ್ಕೊಂಡು ಬತ್ತಾನೆ" ಎಂದು ಮೆಚ್ಚಿಕೊಂಡರು.

ಅಪ್ಪಾಜಿ ಬನಿಯನ್ ಜೇಬು ಮುಟ್ಟಿ ನೋಡಿಕೊಂಡರು.

"ನಾನೇ ಕರ್ಕೊಂಡು ಬತ್ತೀನಿ ಕಣಪ್ಪ. ಒಬ್ಬನ್ನೇ ಬುಟ್ರೆ ಎಲ್ಲಾದ್ರೂ ನಿಂತೋಯ್ತಾನೆ."