ಅಮೋನಿಯಾ ಹಿಡಿದ ದಿನ

ಮುಖದ ಮೇಲೆ ಮೂಗಿದ್ದೂ ವಾಸನೆ ತಿಳಿಯದವನ ಕಷ್ಟ ಬೇರೆಯವರಿಗೆ ಅರ್ಥವಾಗುವುದಿಲ್ಲ. ಹಾಲು ಕೆಟ್ಟಿದ್ದು, ಒಗ್ಗರಣೆ ಸೀದದ್ದು, ಎಲ್ಲವನ್ನೂ ನಾನು ಹೆಂಡತಿ ಗಿರಿಜಾಳ ಮುಖ ನೋಡಿಯೇ ತಿಳಿದುಕೊಳ್ಳಬೇಕು. ಯಾವುದೋ ನೆಗಡಿ ಬಂದು ಹೋಗುವಾಗ ನನ್ನ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆದವಾನಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಆ ಸಿಟ್ಟಿಗೇ ಒಂದು ಮೂಗು ಮಾಡಲು ಕುಳಿತೆ.

ಮೂಗು ಅಂದರೆ ಉಗುರಿನಷ್ಟು ಸ್ಫಟಿಕದ ಚೂರು. ಅದರ ಮೈಮೇಲೆ ಶಬ್ದದಂಥದೇ ಒಂದು ಅಲೆ, ಕಿವಿಗೆ ಕೇಳದಷ್ಟು ಚುರುಕಾಗಿ, ಈ ತುದಿಯಿಂದ ಆ ತುದಿಗೆ ಓಡುತ್ತಿರುತ್ತದೆ. ಮೇಲೆ ಅಮೋನಿಯಾವನ್ನು ಅಂಟಿಸಿಕೊಳ್ಳುವ, ಕೂದಲಿಗಿಂತ ಎಷ್ಟೋ ತೆಳುವಾದ ಲೇಪ. ಅಂಟಿದಷ್ಟೂ ಅಲೆ ನಿಧಾನವಾಗುತ್ತದೆ, ಮಳೆ ಬಿದ್ದ ಎರೆಹೊಲದಲ್ಲಿ ಚಪ್ಪಲಿಗೆ ಮಣ್ಣು ಮೆತ್ತಿಕೊಂಡವನ ನಡಿಗೆಯ ಹಾಗೆ. ಆ ನಿಧಾನವನ್ನು ಅಳೆದರಾಯಿತು. ಲೇಪ ಮೊದಲ ಸಲ ಸರಿಯಾಗಿ ಕೂತ ದಿನ ಲ್ಯಾಬಿನಲ್ಲಿ ಒಬ್ಬನೇ ಕುಣಿದು, ಗಿರಿಜಾಗೆ ಫೋನ್ ಮಾಡಿದೆ. ‘ಛಲೋ ಆತು ಬಿಡ್ರಿ. ಬರೂವಾಗ ಕರಿಬೇವು ತರ್ರಿ’ ಅಂದಳು.

ಊರಿನ ಐಸ್ ಫ್ಯಾಕ್ಟರಿಯಲ್ಲಿ ನೀರನ್ನು ಗಡ್ಡೆ ಕಟ್ಟಿಸುವುದು ಅಮೋನಿಯಾವೇ. ಪೈಪು ಸೋರಿದರೆ ಕಣ್ಣಿಗೂ ಉಸಿರಿಗೂ ಅಪಾಯ. ಸೋರಿದ ಕೂಡಲೇ ಕಿರುಚಿ ಎಚ್ಚರಿಸಲು ನನ್ನ ಮೂಗನ್ನು ಅಲ್ಲಿ ಹಾಕಿಸಬೇಕೆಂಬುದು ನನ್ನ ಆಸೆ. ಮಾಲೀಕ ಶರಣಪ್ಪನವರಿಗೆ ಅರವತ್ತು ದಾಟಿದ್ದರೂ ಕೂದಲು ಕಾಡಿಗೆಯಷ್ಟು ಕಪ್ಪು. ‘ನಮ್ಮ ಖಾಜಾ ಸಾಬ್ ಮುಂದ ಪಾಸಾದ್ರ ಗೋಡಿಗೆ ಹಾಕಸ್ತೀನ್ರಿ ಸರ. ಇಲ್ಲಂದ್ರ ಮನಿಗೆ ಒಯ್ರಿ’ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಖಾಜಾ ಸಾಬರು ಅಲ್ಲಿಯ ಹಳೆಯ ಮೆಕ್ಯಾನಿಕ್. ಗಂಧಕ ಮೆತ್ತಿದ ಬತ್ತಿ ಹೊತ್ತಿಸಿ ಪೈಪಿನ ಒಂದೊಂದು ಕೀಲಿಗೂ ಹಿಡಿಯುವುದು ಅವರ ಪದ್ಧತಿ. ಸೋರುತ್ತಿದ್ದರೆ ಅಲ್ಲಿ ಬಿಳಿ ಹೊಗೆ ಏಳುತ್ತದೆ. ನನ್ನ ಎರಡು ವರ್ಷದ ಕೆಲಸ ಆ ಬತ್ತಿಯ ಮುಂದೆ ನಿಲ್ಲಬೇಕಿತ್ತು.

ಪರೀಕ್ಷೆಯ ದಿನ ಫೋಟೋ ತೆಗೆಯುತ್ತಾರೆಂದು ಬೆಳಿಗ್ಗೆ ತಲೆಗೆ ಬಣ್ಣ ಮೆತ್ತಿಕೊಂಡೆ. ಅರ್ಧ ತೊಳೆಯುವಷ್ಟರಲ್ಲಿ ನಲ್ಲಿ ನಿಂತುಹೋಯಿತು. ನಮ್ಮ ಓಣಿಯಲ್ಲಿ ಇದೇನು ಹೊಸದಲ್ಲ. ಟವೆಲಿನಿಂದ ಒರೆಸಿ, ಎಣ್ಣೆ ಸವರಿ, ಬಾಚಿಕೊಂಡು ಹೊರಟೆ. ‘ನಿಮ್ಮ ತಲಿ ಭಾಳ ಘಾಟು ಹೊಡೀತೈತಿ’ ಎಂದು ಗಿರಿಜಾ ಬಾಗಿಲಲ್ಲಿ ಹೇಳಿದ್ದು ನಿಜ. ವಾಸನೆ ತಿಳಿಯದವನು ಇಂಥ ಮಾತಿಗೆ ಕಿವಿಯನ್ನೂ ಕೊಡುವುದಿಲ್ಲ.

ಫ್ಯಾಕ್ಟರಿಯ ಯಂತ್ರದ ಕೋಣೆಯಲ್ಲಿ ನನ್ನ ಸ್ಫಟಿಕದ ಮೂಗಿದ್ದ ಪೆಟ್ಟಿಗೆ ತೆರೆದು ಬಗ್ಗಿದ್ದೇ ತಡ, ಅದು ಕಿರುಚಿಕೊಂಡಿತು. ನನಗಾದ ಸಂತೋಷ ಹೇಳತೀರದು. ‘ಗ್ಯಾಸ್ ಸೋರಾಕತ್ತೈತಿ, ಎಲ್ಲಾರೂ ಹೊರಗ ನಡ್ರಿ’ ಅಂದೆ. ಕೆಲಸಗಾರರು ಒದ್ದೆ ಬಟ್ಟೆಯಿಂದ ಮೂಗು ಮುಚ್ಚಿಕೊಂಡು ಬೀದಿಗೆ ಬಂದರು. ಶರಣಪ್ಪನವರು ಅವರಿಗಿಂತ ಮೊದಲೇ ಬೀದಿಯಲ್ಲಿದ್ದರು. ಖಾಜಾ ಸಾಬರು ಮಾತ್ರ ಅವಸರವಿಲ್ಲದೆ ಬತ್ತಿ ಹೊತ್ತಿಸಿ ಒಂದೊಂದೇ ಕೀಲು ನೋಡಿದರು. ಎಲ್ಲೂ ಹೊಗೆ ಏಳಲಿಲ್ಲ. ‘ಇಕ್ಕಡ ಏಮೀ ಲೇದು ಸರ’ ಎಂದು, ಇಲ್ಲೇನೂ ಇಲ್ಲವೆಂಬ ತೀರ್ಪನ್ನು ತೆಲುಗಿನಲ್ಲಿ ಕೊಟ್ಟು ನನ್ನ ಹತ್ತಿರ ಬಂದವರ ಮೂಗು ಅಲುಗಿತು. ಬತ್ತಿಯನ್ನು ಮೆಲ್ಲಗೆ ನನ್ನ ಕಿವಿಯ ಹಿಂದೆ ಹಿಡಿದರು. ಅಲ್ಲಿಂದ ಬಿಳಿ ಹೊಗೆಯ ಸಣ್ಣ ಎಳೆ ಎದ್ದಿತು.

‘ಲೀಕು ಸಿಕ್ತು ಸರ. ನಿಮ್ಮ ತಲ್ಯಾಗ ಐತಿ’ ಅಂದರು.

ನಾಚಿಕೆಯಿಂದ ಭೂಮಿಗಿಳಿಯಬೇಕಿತ್ತು. ಆದರೆ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ತಲೆಗೆ ಹಚ್ಚಿದ ಬಣ್ಣದಲ್ಲಿದ್ದ ಅಷ್ಟು ಚೂರು ಅಮೋನಿಯಾ ನನ್ನ ಪೆಟ್ಟಿಗೆಗೆ ಸಿಕ್ಕಿತ್ತಲ್ಲ. ಖಾಜಾ ಸಾಬರು ಹೊರಗೆ ಹೋಗಿ, ‘ಸಣ್ಣ ಲೀಕು ಇತ್ತು ಸಾವುಕಾರ್ರ, ಬಂದ್ ಆತು. ನನ್ನ ಬತ್ತಿಗಿಂತ ಇದು ಮೊದ್ಲ ಹಿಡೀತು. ಗೋಡಿಗೆ ಹಾಕಸ್ರಿ’ ಎಂದರು. ಲೀಕು ಎಲ್ಲಿತ್ತೆಂದು ಹೇಳಲಿಲ್ಲ.

ಅಂದಿನಿಂದ ನಾನು ಬಣ್ಣ ಬಿಟ್ಟೆ. ಬಿಳಿ ತಲೆಯಲ್ಲೇ ಹೋಗಿ ಸೆನ್ಸರನ್ನು ನೋಡಿ ಬರುತ್ತೇನೆ. ಅದು ಗೋಡೆಯ ಮೇಲೆ ತೆಪ್ಪಗಿರುತ್ತದೆ. ಮೊನ್ನೆ, ಮದುವೆಗೆ ಹೊರಟಿದ್ದ ಶರಣಪ್ಪನವರು ಹಾದಿಯಲ್ಲಿ ಒಳಗೆ ಬಂದು ಅದರ ಕೆಳಗೆ ನಿಂತಾಗ ಮಾತ್ರ ಕಿರುಚಿಕೊಂಡಿತು. ‘ಯಾಕ್ರಿ ಸರ, ಏನಾತು?’ ಎಂದು ಗಾಬರಿಯಾದರು. ಖಾಜಾ ಸಾಬರು ಬತ್ತಿ ಕೈಗೆತ್ತಿಕೊಂಡು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

‘ಏನಿಲ್ರಿ, ಅದಕ್ಕೂ ನನ್ನಂಗ ನೆಗಡಿ ಆಗೈತಿ’ ಅಂದೆ.